ಮಾದರಿ ಟೀಚರ್

ಓದು ಇಷ್ಟವೇ ಎಂದು ಸಮೀಕ್ಷೆ ಮಾಡಲು ಬಂದ ಹುಡುಗಿಗೆ ಶಾಲೆಯಲ್ಲಿ ಎಲ್ಲರೂ ಇಷ್ಟವೆಂದೇ ಹೇಳಿದರು. ಹೆಡ್‌ಮಾಸ್ತರು ಬೆತ್ತ ಹಿಡಿದು ಬಾಗಿಲಲ್ಲಿ ನಿಂತಿರುವಾಗ ಇಲ್ಲವೆನ್ನುವ ಎಂಟೆದೆ ಯಾರಿಗಿದೆ? ಹುಡುಗಿಯೂ ಪೆದ್ದಿಯಲ್ಲ, ಹೆಡ್‌ಮಾಸ್ತರನ್ನು ಟೀ ಕುಡಿಯಲು ಸಾಗಹಾಕಿ ಮತ್ತೆ ಕೇಳಿದಳು. ಐದನೆಯ ಕ್ಲಾಸಿನ ಮಕ್ಕಳು ಓದೆಂದರೆ ನಿದ್ದೆ ಎಂದರು. ಮೂರನೆಯ ಕ್ಲಾಸಿನ ಮೇಷ್ಟ್ರು, "ಪುಸ್ತಕಾನಾ? ಪಾಠ ಮುಗಿಸಿದ್ರೆ ಸಾಕಾಗಿದೆ ತಾಯಿ" ಎಂದು ಕೈಮುಗಿದರು.

ನಾಲ್ಕನೆಯ ಕ್ಲಾಸಿನಲ್ಲಿ ಮಾತ್ರ ಮಕ್ಕಳು ಓದುವುದಕ್ಕೆ ಜಗಳವಾಡುತ್ತಿದ್ದರು.

ಅಲ್ಲಿನ ಟೀಚರ್ ಹುಡುಗಿಯ ಕೈಲಿದ್ದ ಹಾಳೆಗಳನ್ನು ಕಂಡು ಹಿಂದೆ ಸರಿದರು. ಅವರ ನೋಟದ ನಟ್ಟನಡುವೆ ಮಸಿ ಮೆತ್ತಿದಂತಾಗಿ ವರ್ಷದ ಮೇಲಾಗಿತ್ತು. ಜನ ಕಾಣುತ್ತಿದ್ದರು, ಅಕ್ಷರ ಕಾಣುತ್ತಿರಲಿಲ್ಲ. ಡಾಕ್ಟರು ಕೈಚೆಲ್ಲಿದ್ದರು. ವಿಷಯ ಹೊರಬಿದ್ದರೆ ಕೆಲಸ ಹೋಗುತ್ತದೆ. ಹಾಸಿಗೆ ಹಿಡಿದ ತಂಗಿಗೆ ಇವರಲ್ಲದೆ ಗತಿಯಿಲ್ಲ. ಹಾಗಾಗಿ ಪಾಠ, ಕತೆ, ಸುತ್ತೋಲೆ ಎಲ್ಲವನ್ನೂ ಮಕ್ಕಳಿಂದಲೇ ಓದಿಸುತ್ತಿದ್ದರು. ಕಿವಿ ಮಾತ್ರ ಹಾವಿನಂಥದ್ದು. ಯಾರಾದರೂ ಸಾಲು ಹಾರಿಸಿದರೆ, "ಏಯ್, ನುಂಗಿದ್ದನ್ನ ಕಕ್ಕು!" ಎನ್ನುತ್ತಿದ್ದರು. ತಾವು ಓದದಿದ್ದರೆ ಟೀಚರ್‌ಗೆ ಕತೆಯೇ ಗೊತ್ತಾಗುವುದಿಲ್ಲವೆಂದು ಮಕ್ಕಳಿಗೆ ತಿಳಿದಿತ್ತು. ಅವರ ಹುರುಪೆಲ್ಲ ಅದರಿಂದಲೇ. ಹೊರಗೆ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

"ಓದೋದು ಯಾಕಿಷ್ಟ?" ಎಂದು ಹುಡುಗಿ ಕೇಳಿದಾಗಲೂ, "ನಮ್ಮ ಟೀಚರ್ ಕೇಳಿಸ್ಕೋತಾರೆ" ಎಂದಷ್ಟೇ ಹೇಳಿದರು. ಅವಳು ಹೊಗಳಿ ವರದಿ ಕೊಟ್ಟಳು. ಮುಳುವಾದದ್ದು ಆ ಹೊಗಳಿಕೆಯೇ.

ಕೆಲವು ವಾರಗಳಲ್ಲಿ ಇಲಾಖೆಯ ಸಾಹೇಬರು ಮಾದರಿ ಪಾಠ ನೋಡಲು ಬಂದರು. ಮಕ್ಕಳು ಓದಿದ ಪರಿಗೆ ತಲೆದೂಗಿ, ಜೇಬಿನಿಂದ ಒಂದು ಹಾಳೆ ತೆಗೆದರು.

"ನಿಮಗೆ ಮೆಚ್ಚುಗೆ ಪತ್ರ ಮೇಡಂ. ನೀವೇ ಜೋರಾಗಿ ಓದಿ, ಮಕ್ಕಳೂ ಕೇಳ್ಲಿ."

"ನಾನು ಓದ್ತೀನಿ ಟೀಚರ್, ನಾನು!" ಇಡೀ ಕ್ಲಾಸು ಕೈಯೆತ್ತಿ ಎದ್ದಿತು.

"ಕೂತ್ಕೊಳ್ರೋ. ದಿನಾ ನಿಮ್ಮದೇ ಆಯ್ತು. ಅವರು ಓದ್ಲಿ" ಎಂದು ಜೊತೆಗೆ ಬಂದಿದ್ದ ಹೆಡ್‌ಮಾಸ್ತರು ಗದರಿದರು.

ಟೀಚರ್ ಹಾಳೆಯನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು. "ಕನ್ನಡಕ ಮರೆತು ಬಂದ್ರಾ?" ಎಂದು ಹೆಡ್‌ಮಾಸ್ತರು ತಮ್ಮದನ್ನೇ ಬಿಚ್ಚಿಕೊಟ್ಟರು. ಟೀಚರ್ ಅದನ್ನೂ ಹಾಕಿಕೊಂಡರು. ಮಸಿ ದೊಡ್ಡದಾಯಿತು, ಅಷ್ಟೇ.

ಮುಂದಿನ ಬೆಂಚಿನ ಹುಡುಗಿಗೆ ತಡೆಯಲಾಗಲಿಲ್ಲ. ಹಾಳೆ ಅವಳಿಗೂ ಕಾಣುತ್ತಿರಲಿಲ್ಲ. ಏನಿರಬಹುದೆಂದು ತಾನೇ ಕಟ್ಟಿ ಮೆಲ್ಲಗೆ ಉಸುರಿದಳು. ಟೀಚರ್ ದಿನದ ರೂಢಿಯಂತೆ ಆ ದನಿಯನ್ನು ನಂಬಿ ಗಟ್ಟಿಯಾಗಿ ಓದಿದರು:

"ನಮ್ಮ ಟೀಚರ್ ತುಂಬಾ ಒಳ್ಳೆಯವರು. ಅವರನ್ನು ಎಲ್ಲಿಗೂ ಕಳಿಸಬೇಡಿ."

ಸಾಹೇಬರು ನಕ್ಕರು. ಆಮೇಲೆ ಹಾಳೆಯತ್ತ ಬಗ್ಗಿ ನೋಡಿದರು. ಆಮೇಲೆ ನಗಲಿಲ್ಲ.

"ಎಷ್ಟು ದಿನದಿಂದ ಹೀಗೆ?" ಎಂದರು ಹೆಡ್‌ಮಾಸ್ತರು.

ಟೀಚರ್ ಕನ್ನಡಕ ತೆಗೆದುಕೊಟ್ಟರು. "ಅದಿರ್ಲಿ ಸಾರ್. ಇದರಲ್ಲಿ ಏನು ಬರ್ದಿದೆ, ಒಂದ್ಸಲ ಓದಿಬಿಡಿ. ಕೇಳ್ಕೊಂಡು ಹೋಗ್ತೀನಿ."

ಸಾಹೇಬರು ಹಾಳೆಯನ್ನು ಅವರ ಕೈಯಿಂದ ತೆಗೆದುಕೊಂಡು, ನಾಲ್ಕಾಗಿ ಮಡಚಿ, ಜೇಬಿಗಿಟ್ಟುಕೊಂಡರು.