ಮುನಿಯಲ್ಲಮ್ಮನ ತೋಳಿಗೆ ಪಟ್ಟಿ

ಗಂಗುಲಪ್ಪ ಟೇಕಲ್ ಸ್ಟೇಷನ್ನಿನಲ್ಲಿ ಗಾಡಿಗಳಿಗೆ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಅವನಿಗೆ ನಲವತ್ತು ತುಂಬಿದ ೧೯೩೬ರಲ್ಲಿ ರೈಲ್ವೆ ಡಾಕ್ಟರು ಅವನ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಗಾಜಿನ ಕೊಳವೆಯಲ್ಲಿ ಪಾದರಸ ಏರಿದ್ದನ್ನು ನೋಡಿ, "ರಕ್ತದೊತ್ತಡ ಜಾಸ್ತಿ ಇದೆ, ಉಪ್ಪು ಬಿಡು" ಎಂದರು. ಅಂದಿನಿಂದ ಹೆಂಡತಿ ಮುನಿಯಲ್ಲಮ್ಮ ಅವನಿಗೆಂದೇ ಬೇರೆ ಮಡಕೆಯಲ್ಲಿ ಉಪ್ಪಿಲ್ಲದ ಸಾರು ಕಾಯಿಸತೊಡಗಿದಳು. ಮಕ್ಕಳಿರಲಿಲ್ಲ. ತಾನು ಎರಡು ದಿನ ಊರು ಬಿಟ್ಟರೆ ಅವನು ಹೋಟೆಲಿನಲ್ಲಿ ತಿಂದು, ತಲೆ ತಿರುಗಿ ಹಳಿಯ ಮೇಲೆ ಬೀಳುತ್ತಾನೆಂಬ ಭಯ ಅವಳಿಗೆ.

ಅವಳ ಒಬ್ಬಳೇ ತಂಗಿ ಮುತ್ಯಾಲಮ್ಮ ಶ್ರೀನಿವಾಸಪುರದಲ್ಲಿದ್ದಳು. ಬಂಗಾರಪೇಟೆ ಗಾಡಿ ಟೇಕಲ್ಲಿನ ಇವರ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಬಂಗಾರಪೇಟೆಯಲ್ಲಿ ಇಳಿದು ಕೋಲಾರದ ಸಣ್ಣ ರೈಲು ಹಿಡಿದರೆ ಸಂಜೆಯೊಳಗೆ ತಂಗಿಯ ಮನೆ. ಗಾಡಿ ಹೊರಟಾಗಲೆಲ್ಲ ಮುನಿಯಲ್ಲಮ್ಮ ಹೊಸ್ತಿಲಲ್ಲಿ ನಿಂತು ಕೊನೆಯ ಡಬ್ಬಿ ಮರೆಯಾಗುವವರೆಗೂ ನೋಡುತ್ತಿದ್ದಳು. ಬೇಸಿಗೆಯಲ್ಲಿ ತಂಗಿ ಕಳಿಸಿದ ಮಾವಿನ ಬುಟ್ಟಿ ಬಂದರೆ, ಹಣ್ಣು ಮುಟ್ಟುವ ಮೊದಲು ಒಳಗೆ ಹಾಸಿದ ಹುಲ್ಲನ್ನು ಮೂಸುತ್ತಿದ್ದಳು. ಅದರಲ್ಲಿ ತಂಗಿಯ ಕೊಟ್ಟಿಗೆಯ ವಾಸನೆ ಇರುತ್ತಿತ್ತು.

"ಒಂದ್ಸಲ ಹೋಗ್ಬಾರೇ" ಎಂದು ಗಂಗುಲಪ್ಪ ಹೇಳಿದರೆ, "ಮುಂದಿನ ವರ್ಷ ಹೋಗ್ತೀನಿ" ಅನ್ನುವಳು. ಹನ್ನೊಂದು ವರ್ಷ ಹೀಗೇ ಕಳೆಯಿತು.

೧೯೪೭ರಲ್ಲಿ ಒಂದು ಬೆಳಿಗ್ಗೆ ಬಾವಿಯ ಹತ್ತಿರ ಕಣ್ಣು ಕತ್ತಲೆ ಬಂದು ಅವಳು ಕುಸಿದಳು. ಗಂಗುಲಪ್ಪ ಬಂಗಾರಪೇಟೆಗೆ ಕರೆದೊಯ್ದ. ರೈಲ್ವೆ ಡಾಕ್ಟರು ಅವಳ ತೋಳಿಗೆ ಪಟ್ಟಿ ಸುತ್ತಿ ಎರಡು ಸಲ ಅಳೆದರು.

"ನಿನಗಿಂತ ಇವರದ್ದೇ ಮೇಲಿದೆ, ಗಂಗುಲಪ್ಪ."

"ಅದೆಂಗೆ ಸ್ವಾಮಿ? ಕಾಯಿಲೆ ನಂದು ತಾನೆ?"

"ಹರೆಯದಲ್ಲಿ ಗಂಡಸರಿಗೇ ಜಾಸ್ತಿ ಇರತ್ತೆ. ವಯಸ್ಸಾಗ್ತಾ ಇಬ್ಬರಿಗೂ ಏರತ್ತೆ. ಮುಟ್ಟು ನಿಂತ ಮೇಲೆ ಹೆಂಗಸರಿಗೆ ಬೇಗ ಏರತ್ತೆ, ಎಷ್ಟೋ ಸಲ ಗಂಡಸರನ್ನೂ ಮೀರಿಸತ್ತೆ. ಇಷ್ಟು ವರ್ಷ ಇವರನ್ನ ಒಂದ್ಸಲಾನೂ ತೋರಿಸಲಿಲ್ವಾ?"

ಪ್ರತಿ ವರ್ಷ ಗಂಗುಲಪ್ಪ ಒಳಗೆ ತೋಳು ಚಾಚುವಾಗ ಅವಳು ಅವನ ರುಮಾಲು ಹಿಡಿದು ಹೊರಗೆ ಕೂತಿರುತ್ತಿದ್ದಳು.

ಹೊರಗೆ ಬಂದವನೇ, "ರೈಲು ಪಾಸ್ ಬರೆಸ್ತೀನಿ ಕಣೇ. ನಾಳೆನೇ ನಿನ್ ತಂಗಿ ಮನೆಗೆ ಹೋಗೋಣ" ಎಂದ. ಅವಳು ಬೇಡವೆನ್ನಲಿಲ್ಲ.

ಶ್ರೀನಿವಾಸಪುರದ ಮನೆಯಲ್ಲಿ ಮುತ್ಯಾಲಮ್ಮ ಮಂಚದ ಮೇಲಿದ್ದಳು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು.

"ಆರು ತಿಂಗ್ಳಾಯ್ತು ಅತ್ತಿಗೆ," ಎಂದ ಅವಳ ಗಂಡ ಆವಲಪ್ಪ. "ನಿಮ್ಗೆ ತಿಳಿದ್ರೆ ಅಣ್ಣನ್ನ ಬಿಟ್ಟು ಬರಕ್ಕಾಗ್ದೆ ಒದ್ದಾಡ್ತೀರಂತ ಬರೆಸಲಿಲ್ಲ. ಇವ್ಳಿಗೂ ಒತ್ತಡಾನೇ ಅಂತೆ. ಬಿದ್ಮೇಲೇನೇ ನಮ್ಗೆ ಗೊತ್ತಾಗಿದ್ದು."

ಮುತ್ಯಾಲಮ್ಮ ಎಡಗೈಯನ್ನು ಅಕ್ಕನ ಕೆನ್ನೆಗೆ ಒತ್ತಿ ಹಿಡಿದಳು. ಹೇಳಲು ಹನ್ನೊಂದು ವರ್ಷದ ಮಾತಿತ್ತು. ಮುನಿಯಲ್ಲಮ್ಮನ ಬಾಯಿಂದ ಬಂದದ್ದು ಇಷ್ಟೇ: "ಈ ವರ್ಷ ಮಾವು ಹೆಂಗೆ ಬಿಟ್ಟಿದೆ ಮುತ್ಯಾಲೂ?"

ಮೂರನೆಯ ದಿನ ಗಂಗುಲಪ್ಪ ಕೆಲಸಕ್ಕೆ ಹೊರಟ. "ನೀನು ಇಲ್ಲೇ ಇರು. ನನ್ ಸಾರು ನಾನೇ ಕಾಯಿಸ್ಕೋತೀನಿ, ಉಪ್ಪಿಲ್ದೇನೇ. ನೀನೂ ಉಪ್ಪು ಮುಟ್ಬೇಡ."

ಮುನಿಯಲ್ಲಮ್ಮ ಉಳಿದಳು. ದಿನವೂ ತಂಗಿಯನ್ನು ಗೋಡೆಗೆ ಒರಗಿಸಿ ಕೂರಿಸಿ ತಲೆ ಬಾಚುತ್ತಿದ್ದಳು. ಕೊನೆಯ ಸಲ ನೋಡಿದಾಗ ಆ ಜಡೆ ಸೊಂಟದವರೆಗಿತ್ತು, ಕಪ್ಪಗಿತ್ತು. ಈಗ ಹಿಡಿಯಷ್ಟೂ ಇಲ್ಲ, ಪೂರ್ತಿ ಬೆಳ್ಳಗೆ. ಯಾವಾಗ ನರೆಯಿತೆಂದು ಕೇಳಬೇಕೆನಿಸುತ್ತಿತ್ತು. ತಂಗಿ ಹೇಳಲಾರಳೆಂದು ಸುಮ್ಮನೆ ಸಿಕ್ಕು ಬಿಡಿಸುತ್ತಿದ್ದಳು.