ಗಂಟಿಕ್ಕದ ಹುಬ್ಬು

ರಸ್ತೆಯ ಆಚೆ ಬದಿ ನಿಲ್ಲಿಸಿದ್ದ ಕಾರಿನ ಬಾಗಿಲು ತೆರೆದು ಆರು ವರ್ಷದ ಅನ್ವಿತಾ ಕೆಳಗಿಳಿದಳು. ವಂಡ್ಸೆ ಪೇಟೆ, ಕೊಲ್ಲೂರಿಗೆ ಹೋಗುವ ವಾಹನಗಳಿಗೆ ಹೊತ್ತುಗೊತ್ತಿಲ್ಲ. ಈಚೆ ಬದಿಯ ಎಳನೀರಿನ ಗೂಡಂಗಡಿಯಲ್ಲಿ ಎರಡೂ ಕೈಯಲ್ಲಿ ಸಿಯಾಳ ಹಿಡಿದು ನಿಂತಿದ್ದ ಹರಿಣಾಕ್ಷಿ ಮಗಳತ್ತ ನೋಡಿ, ಯಾವತ್ತಿನಂತೆ ಹುಬ್ಬು ಗಂಟಿಕ್ಕಿದಳು. ಅಲ್ಲೇ ನಿಲ್ಲು ಎಂದರ್ಥ. ಕೂಗಿ ಪ್ರಯೋಜನವಿರಲಿಲ್ಲ. ಹುಡುಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಮೆಷಿನ್ನು, ಆಪರೇಷನ್ನು ಎಂದು ಊರೂರು ಅಲೆದದ್ದೇ ಬಂತು.

ತಾಯಿಯ ಮುಖವೇ ಅವಳಿಗೆ ಮಾತು. ಹುಬ್ಬು ಮೇಲೇರಿದರೆ 'ಎಂತ ಬೇಕು', ಗಂಟಿಕ್ಕಿದರೆ 'ಬೇಡ'. ದಿನಕ್ಕೆ ನೂರು ಸಲ ಬೇಡ ಎಂದು ಹೇಳಿ ಹೇಳಿಯೇ ಹರಿಣಾಕ್ಷಿಯ ಹುಬ್ಬುಗಳ ನಡುವೆ ಎರಡು ಗೆರೆ ಕೂತುಬಿಟ್ಟಿದ್ದವು. ಕಂಡವರು ಸುಮ್ಮನಿರುತ್ತಾರೆಯೇ? ತನ್ನ ಮದುವೆಗೆಂದು ಮುಂಬೈಯಿಂದ ಬಂದ ನಾದಿನಿ ಸ್ನೇಹಲತಾ ಅಂತೂ ಮೊಬೈಲನ್ನೇ ಮುಂದೆ ಹಿಡಿದಿದ್ದಳು.

"ಕಾಣಿ ಅತ್ಗೆ, ಎಲ್ಲ ಫೋಟದಗೂ ನಿಮ್ಗ್ ಸಿಟ್ ಬಂದಾಂಗೇ ಇತ್. ನನ್ ಮದಿಗೂ ಹೀಂಗೇ ನಿಂತ್ಕಂತ್ರಿಯಾ?"

ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು. ಮೂವತ್ತೆಂಟಕ್ಕೇ ಮುದುಕಿ ಎನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಕುಂದಾಪುರದ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಇಂಜೆಕ್ಷನ್ ಗೆರೆಯನ್ನು ಅಳಿಸುವುದಲ್ಲ, ಹುಬ್ಬನ್ನು ಎಳೆಯುವ ಸ್ನಾಯುವನ್ನು ಸಡಿಲ ಮಾಡುವುದು. ಮೂರ್ನಾಲ್ಕು ತಿಂಗಳಲ್ಲಿ ತಾನಾಗಿ ಮೊದಲಿನಂತಾಗುತ್ತದೆ. "ನಾಟಕ, ಯಕ್ಷಗಾನ ಅಂತ ಮುಖದಲ್ಲೇ ಕೆಲಸ ಇರೋರಾದ್ರೆ ಯೋಚನೆ ಮಾಡ್ಬೇಕು. ನೀವೇನಾದ್ರೂ ಮಾಡ್ತೀರಾ?"

ಹರಿಣಾಕ್ಷಿಗೆ ನಗು ಬಂದಿತ್ತು. "ನಾನಾ? ಮಗಳನ್ ಕಂಡ್ಕಂಡ್ ಮನ್ಯಗೇ ಇಪ್ಪುದ್ ಡಾಕ್ಟ್ರೆ."

ಇಂಜೆಕ್ಷನ್ ಹಾಕಿಸಿಕೊಂಡು ವಾರ ಕಳೆಯುವಷ್ಟರಲ್ಲಿ ಹಣೆ ಬಾಳೆಲೆಯ ಹಾಗೆ ನುಣುಪಾಯಿತು. ಆದರೆ ಆಗಿನಿಂದಲೇ ಅನ್ವಿತಾಗೆ ಇಲ್ಲದ ಹಟ ಹತ್ತಿತು. ಬೇಡವೆಂದರೂ ಬಾವಿಕಟ್ಟೆ ಹತ್ತುವುದು, ಬಿಸಿ ಗಂಜಿಯ ಪಾತ್ರೆಗೆ ಕೈ ಹಾಕುವುದು. ನಿನ್ನೆ ಬೆನ್ನಿಗೊಂದು ಬಿಟ್ಟಾಗ ಹುಡುಗಿ ಅಳದೆ ತಾಯಿಯ ಮುಖವನ್ನೇ ನೋಡಿದ್ದಳು. "ಸದರ ಕೊಟ್ಟದ್ ಹೆಚ್ಚಾಯ್ತ್" ಎಂದು ಗಂಡ ಸುಧಾಕರ ಗೊಣಗಿದ್ದ.

ಈಗ ಗೂಡಂಗಡಿಯ ಮುಂದೆ ನಿಂತೇ ಹರಿಣಾಕ್ಷಿ ಮತ್ತಷ್ಟು ಬಿಗಿಯಾಗಿ ಗಂಟಿಕ್ಕಿದಳು. ಹಣೆಯ ಚರ್ಮ ಮಿಸುಕಲಿಲ್ಲ. ಆಚೆಯಿಂದ ಮಗಳು ನಕ್ಕಳು, ಡಾಂಬರಿನ ಮೇಲೆ ಕಾಲಿಟ್ಟಳು. ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಇಷ್ಟು ದಿನ ಮಗು ಮಾಡಿದ್ದು ಹಟವಲ್ಲ ಎಂಬುದು ಆಗ ಹೊಳೆಯಿತು. ಸಿಯಾಳ ಎರಡನ್ನೂ ಬಿಸಾಡಿ ಅವಳು ರಸ್ತೆಗೆ ಹಾರಿದಳು.

"ಹ್ವಾಯ್ ಅಕ್ಕ, ಬಸ್ ಬತ್ತಾ ಇತ್" ಎಂದು ಅಂಗಡಿಯ ಮುತ್ತ ಹಿಂದಿನಿಂದ ಕೂಗಿದ.

ಬ್ರೇಕಿನ ಸದ್ದಿಗೆ ಪೇಟೆಯೇ ತಿರುಗಿ ನೋಡಿತು. ಬಸ್ಸು ನಿಂತಾಗ ತಾಯಿ ಮಗಳಿಬ್ಬರೂ ಆಚೆಯ ಚರಂಡಿಯ ಪಕ್ಕ ಮಣ್ಣಿನಲ್ಲಿ ಬಿದ್ದಿದ್ದರು. "ಮಗಿನ್ ಹೀಂಗ್ ಬಿಡುದಾ ಅಮ್ಮ?" ಎಂದು ಡ್ರೈವರ್ ಕಿಟಕಿಯಿಂದ ಬೈದ. ಔಷಧಿ ಅಂಗಡಿಗೆ ಹೋಗಿದ್ದ ಸುಧಾಕರ ಏದುಸಿರು ಬಿಡುತ್ತ ಓಡಿಬಂದ.

"ನೀ ಅದ್ಕ್ ಬೇಡ ಅಂದಿಲ್ಯಾ?"

"ಅಂದೆ" ಎಂದಳು ಹರಿಣಾಕ್ಷಿ. "ನಾ ಅಂದೆ. ಅದ್ಕ್ ಕಾಣ್ಲಿಲ್ಲ."

ಅನ್ವಿತಾಳ ಮೊಣಕಾಲು ತರಚಿತ್ತು. ಅವಳು ತಾಯಿಯ ತೊಡೆಯ ಮೇಲೆ ಕೂತು ಅಮ್ಮನ ಕಣ್ಣೀರನ್ನೊಮ್ಮೆ, ಹಣೆಯನ್ನೊಮ್ಮೆ ನೋಡಿದಳು. ಎರಡಕ್ಕೂ ಹೊಂದಿಕೆಯಾಗುತ್ತಿರಲಿಲ್ಲ. ಆಮೇಲೆ ಮಣ್ಣು ಮೆತ್ತಿದ ಎರಡು ಬೆರಳನ್ನು ಮುಂದೆ ಮಾಡಿ, ಹುಬ್ಬುಗಳ ನಡುವಿನ ಚರ್ಮವನ್ನು ಮೆಲ್ಲಗೆ ಒತ್ತಿ ಹತ್ತಿರ ತಂದಳು. ಅಲ್ಲೊಂದು ಗಂಟು ಎದ್ದಿತು. ಬೆರಳು ಬಿಟ್ಟರೆ ಅದು ಉಳಿಯುತ್ತಿರಲಿಲ್ಲ. ಹುಡುಗಿ ಮತ್ತೆ ಹಿಡಿದಳು.