ಇಪ್ಪತ್ತನೇ ತಾರೀಕು

ಚಂದನಾ ಲ್ಯಾಪ್‌ಟಾಪಿನಲ್ಲಿ ಗುಂಡಿ ಒತ್ತಿದ ಹೊತ್ತಿಗೆ ಸರಿಯಾಗಿ ಹೊರಗೆ ಜಗಲಿಯಲ್ಲಿ ಹೋಟೆಲ್ ಕುಷ್ಟಣ್ಣ ಭೋಜರಾಜ ಶೆಟ್ಟರ ಬಾಯಿಗೆ ತುಳಸಿನೀರು ಬಿಡಲು ಬಗ್ಗಿದ್ದರು. ಅವರ ಅಂಗಿಯ ಕಿಸೆಯಲ್ಲಿದ್ದ ಫೋನು ಟಿಣ್ ಎಂದಿತು. ಕೈ ಅಲುಗಿ, ನೀರು ಶೆಟ್ಟರ ಬಾಯಿಗೆ ಬೀಳದೆ ಗಲ್ಲದ ಮೇಲೆ ಹರಿಯಿತು.

ತೆಂಗಿನಕಾಯಿ ಕೋಣೆಯ ಕಿಟಕಿಯಿಂದ ಅದನ್ನು ಕಂಡ ಚಂದನಾ, ಬೆಳಿಗ್ಗೆ ಶೆಟ್ಟರ ಆಫೀಸಿನಿಂದ ತಂದಿದ್ದ ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಎಳೆದುಕೊಂಡಳು. ತಾನು ಮಾಡಿದ್ದನ್ನು ಅದರಡಿ ಮುಚ್ಚಿಡಬಹುದೇನೋ ಎನ್ನುವ ಹಾಗೆ.

ಕುಷ್ಟಣ್ಣ ಶಾಲಿನ ತುದಿಯಿಂದ ಶೆಟ್ಟರ ಗಲ್ಲ ಒರೆಸಿ, ಅಂಗಳಕ್ಕಿಳಿದು, ಫೋನನ್ನು ಕಣ್ಣಿನಿಂದ ದೂರ ಹಿಡಿದು ಓದಿದರು.

"ಹ್ವಾಯ್ ನಾಗಾ, ಇದೆಂತದ್ ಮರಾಯಾ? ಓಟಿಪಿ ಬಂದಿತ್ತ್. ಜಿಎಸ್‌ಟಿದ್."

ಗಂಗೊಳ್ಳಿಯಲ್ಲಿ ಐಸ್ ಪ್ಲಾಂಟ್ ನಡೆಸುವ ನಾಗ ತನ್ನ ಫೋನನ್ನೂ ತೆಗೆದ. "ನಂಗೂ ಆಗ್ಳೇ ಬಂದಿತ್ತ್. ಹೆದ್ರಿ ಹೇಳ್ಲಿಲ್ಲೆ."

"ಪ್ರತಿ ತಿಂಗ್ಳ್ ಇಪ್ಪತ್ತಕ್ಕೆ ಬಪ್ಪುದ್ ಸಮ. ಆರೆ ಕಳ್ಸುವವ್ರ್ ಅಲ್ಲಿ ಮಲ್ಕಂಡಿದ್ರಲೆ!"

"ಭೋಜಣ್ಣ ಹೋಪತಿಗೂ ನಮ್ಮನ್ ಬಿಡ್ಲಿಲ್ಲೆ ಕಾಣಿ. ಮೇಲೆ ಹೋಯಿ ಆಫೀಸ್ ಬಾಗ್ಲ್ ತೆಗ್ದಿರ್ಕ್."

ಯಾರೋ ನಕ್ಕರು. ಕೂಡಲೇ ಕೆಮ್ಮಿ ಆ ನಗುವನ್ನು ಮುಚ್ಚಿದರು.

ಭೋಜರಾಜ ಶೆಟ್ಟರು ನಾವುಂದ ಪೇಟೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಕೂತು ಮೂವತ್ತೊಂದು ವರ್ಷ ಊರವರ ಲೆಕ್ಕಪತ್ರ, ತೆರಿಗೆ ನೋಡಿಕೊಂಡವರು. ಬೆಳಗಿನ ಜಾವ ನಾಲ್ಕಕ್ಕೆ ಎದೆನೋವೆಂದು ಎದ್ದು ಕೂತವರು ಐದಕ್ಕೆ ಇರಲಿಲ್ಲ. ಮುಂಬಯಿಯಿಂದ ತಮ್ಮ ಬರಬೇಕಿದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಹೆಣ ಎತ್ತುವುದೆಂದು ಮಾತಾಗಿತ್ತು. ಹಿತ್ತಲಲ್ಲಿ ಚಿತೆಗೆಂದು ಮಾವಿನ ಮರ ಕಡಿಯುತ್ತಿದ್ದರು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಗಿರಾಕಿಗಳು ಅಂಗಡಿಗೆ ಅರ್ಧ ಬಾಗಿಲು ಹಾಕಿ ಬಂದು ಅಂಗಳದ ತುಂಬ ನಿಂತಿದ್ದರು.

ಕುಷ್ಟಣ್ಣ ಫೋನನ್ನು ಸುಜನ್‌ಗೆ ತೋರಿಸಿದರು. ಸುಜನ್ ಶೆಟ್ಟರ ಸೋದರಳಿಯ, ಕುಂದಾಪುರದಲ್ಲಿ ಆಡಿಟರ್. ಅವನ ಆಫೀಸಿಗೆ ಗಾಜಿನ ಬಾಗಿಲು, ಒಳಗೆ ಆರು ಜನ ಕೆಲಸದವರು. ಓದಿದವನ ಮುಖ ಬಿಗಿದುಕೊಂಡಿತು.

"ಯಾರೋ ಮಾವನ ಪಾಸ್‌ವರ್ಡ್ ಕದ್ದಿರ್ಕ್. ಸತ್ತ ಮನಿ ಗಡಿಬಿಡಿ ಕಂಡ್ಕಂಡೇ ಇಂಥ ಮೋಸ ಮಾಡ್ತ್ರ್. ಯಾರ್ ಕೇಂಡ್ರೂ ಆ ನಂಬ್ರ ಕೊಡ್ಬೇಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

"ಹಂಗಾರೆ ಇವತ್ತಿನ್ ರಿಟರ್ನ್?"

"ನಾಲ್ಕ್ ದಿನ ಹೋಯ್ಲಿ. ಫೈಲ್ ಎಲ್ಲ ನಮ್ ಆಫೀಸಿಗೆ ತರ್ಸ್ತೆ. ಒಂಚೂರ್ ದಂಡ ಬೀಳತ್ತ್, ಅಷ್ಟೆ. ಇವತ್ತ್ ಅದ್ನೆಲ್ಲ ಯಾರ್ ಕಾಂತ್ರ್?"

ಅವನು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಚಂದನಾಳಿಗೂ ಅದು ಗೊತ್ತಾಯಿತು. ಆದರೆ ಶೆಟ್ಟರ ಗಿರಾಕಿಗೆ ತಡ ಮಾಡಿದ್ದಕ್ಕೆಂದು ಒಮ್ಮೆಯೂ ದಂಡ ಬಿದ್ದಿರಲಿಲ್ಲ. ಇನ್ನೂ ಇಪ್ಪತ್ತೆರಡು ಜನರ ರಿಟರ್ನ್ ಬಾಕಿ ಇತ್ತು. ಎಲ್ಲವೂ ತಯಾರಾಗಿತ್ತು, ಗಿರಾಕಿಯ ಫೋನಿಗೆ ಬರುವ ನಂಬರನ್ನು ಕೇಳಿ ತುಂಬಿಸಿದರೆ ಮುಗಿಯಿತು. ನಂಬರಿಗೆ ಹತ್ತೇ ನಿಮಿಷದ ಆಯುಷ್ಯ. ಅವಳು ಬೆಳಗಿನಿಂದ ಮೂವರಿಗೆ ಕಳಿಸಿದ್ದಳು. ಮೂರೂ ಹಾಗೇ ಸತ್ತುಹೋಗಿದ್ದವು.

ಗುಂಡಿ ಒತ್ತುವುದು ಅವಳಿಗೆ ಬರುತ್ತಿತ್ತು. ಕೇಳುವುದು ಬರುತ್ತಿರಲಿಲ್ಲ.

*

ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟು, ಒಂದೆರಡು ವರ್ಷ ಮನೆಯಲ್ಲಿ ಕಾಯಿಲೆಯ ತಾಯಿಯನ್ನು ನೋಡಿಕೊಂಡು, ಆಮೇಲೆ ಅವಳು ಶೆಟ್ಟರ ಆಫೀಸಿಗೆ ಕಸ ಗುಡಿಸಲು ಸೇರಿದ್ದಳು. ಅದಕ್ಕೆ ಒಂಬತ್ತು ವರ್ಷವಾಯಿತು. ಮೊದಲ ವಾರವೇ ಫ್ಯಾನಿನ ಗಾಳಿಗೆ ನೆಲಕ್ಕೆ ಹಾರಿದ್ದ ಬಿಲ್ಲುಗಳನ್ನು ಹೆಕ್ಕಿ ತಾರೀಕಿನ ಪ್ರಕಾರ ಜೋಡಿಸಿಟ್ಟಳು. ಶೆಟ್ಟರು ಅದನ್ನು ನೋಡಿದರು. ಮರುದಿನ ಅವರ ಮೇಜಿನ ಈಚೆ ಬದಿಗೆ ಇನ್ನೊಂದು ಕುರ್ಚಿ ಬಂದಿತ್ತು.

ಅವರು ಬಿಲ್ಲುಗಳನ್ನು ಊರ ಸುದ್ದಿಯಂತೆ ಓದುತ್ತಿದ್ದರು.

"ಕಾಣ್, ಕುಷ್ಟ ಈ ತಿಂಗ್ಳ್ ಆರ್ ಸಿಲಿಂಡರ್ ಜಾಸ್ತಿ ತಕಂಡಿದ್ದ. ಎಲ್ಲೋ ಮದಿ ಊಟದ್ ಆರ್ಡರ್ ಹೊಡ್ದಿದ್ದ. ಆ ಬಿಲ್ಲ್ ಎಲ್ಲಿತ್ತ್? ನಿಲ್ಲ್, ಫೋನ್ ಮಾಡಿ ಬೈತೆ."

ಬೈದು, ಫೋನಿಟ್ಟು, ಅದೇ ಕುಷ್ಟಣ್ಣನ ಹೋಟೆಲಿನಿಂದ ಗೋಳಿಬಜೆ ತರಿಸುತ್ತಿದ್ದರು. ಗಂಗೊಳ್ಳಿಯ ಮುತ್ತಕ್ಕ ಬುಟ್ಟಿ ಹೊತ್ತು ಮೀನು ಮಾರುವವಳು. ಅವಳು ಕಟ್ಟಬೇಕಾದ ತೆರಿಗೆಯೇ ಇರಲಿಲ್ಲ. ಮಗನ ದೋಣಿ ಸಾಲಕ್ಕೆ ಬ್ಯಾಂಕಿನವರು ಕೇಳುತ್ತಾರೆಂದು ಶೆಟ್ಟರು ಪ್ರತಿ ಜುಲೈಯಲ್ಲಿ ಅವಳ ಹೆಸರಿಗೂ ಒಂದು ಆದಾಯ ತೆರಿಗೆ ರಿಟರ್ನ್ ಹಾಕುತ್ತಿದ್ದರು. ಹತ್ತು ನಿಮಿಷದ ಕೆಲಸಕ್ಕೆ ಅವಳನ್ನು ಒಂದು ಗಂಟೆ ಕೂರಿಸಿಕೊಂಡು ಬಂಗುಡೆಯ ದರದಿಂದ ಹಿಡಿದು ಸೊಸೆಯ ಜಗಳದವರೆಗೆ ಎಲ್ಲ ಕೇಳುತ್ತಿದ್ದರು. ಫೀಸು ಎಷ್ಟೆಂದರೆ, "ಒಣಮೀನ್ ತಾ, ಆರೆ ಇವ್ಳ್ ಎದ್ರಿಗ್ ತರ್ಬೇಡ, ಮನಿಗ್ ಹೇಳ್ತ್ಳ್," ಎಂದು ಚಂದನಾಳ ಕಡೆ ಕಣ್ಣು ಹೊಡೆಯುತ್ತಿದ್ದರು. ಅವರಿಗೆ ಉಪ್ಪು ತಿನ್ನಬಾರದೆಂದು ಡಾಕ್ಟರು ಹೇಳಿದ್ದರು.

ಚಂದನಾ ಮೂಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಗಿರಾಕಿಗಳ ಲೆಕ್ಕಕ್ಕೆ ಅವಳು ಚಹಾ ತರುವ ಹುಡುಗಿ. ಅವಳು ಅದನ್ನು ತಿದ್ದಲಿಲ್ಲ.

*

ಬಾಗಿಲು ಸರಿಸಿ ಸ್ನೇಹಲತಾ ಒಳಗೆ ಬಂದರು. ಶೆಟ್ಟರ ಹೆಂಡತಿ. ಅತ್ತು ಅತ್ತು ಕಣ್ಣು ಬಾತಿತ್ತು. ತೆಂಗಿನಕಾಯಿ ತರುತ್ತೇನೆಂದು ಹೇಳಿ ಎದ್ದು ಬಂದಿದ್ದರು.

"ಎಷ್ಟ್ ಆಯ್ತ್?"

"ಒಂದೂ ಆಯ್ಲಿಲ್ಲಮ್ಮ."

"ನೀನ್ ಕತ್ಲಿ ಕೋಣಿ ಒಳ್ಗ್ ಕೂಕಂಡ್ ಒತ್ರೆ ಅವ್ರಿಗೆ ಗೊತ್ತಾಪ್ದ್ ಹ್ಯಾಂಗೆ?"

"ನೀವ್ ಹೇಳಿ ಅಮ್ಮಾ. ಇಲ್ದಿರೆ ಸುಜನಣ್ಣನ ಹತ್ರ..."

"ನಾನ್ ಅವ್ರ್ ತಲಿ ಬುಡ್ದಿಂದ ಎದ್ ಬಂದದ್ದಕ್ಕೇ ಹೆಂಗ್ಸ್ರೆಲ್ಲ ಕಣ್ಣ್ ದೊಡ್ದ್ ಮಾಡಿರ್. ಇನ್ನ್ ಜಿಎಸ್‌ಟಿ ಅಂದ್ರೆ ಮುಗಿತ್." ಸ್ನೇಹಲತಾ ರಾಶಿಯಿಂದ ಒಂದು ಕಾಯಿ ಆರಿಸಿ, ಕಿವಿಯ ಹತ್ತಿರ ಅಲುಗಿಸಿ ನೋಡಿದರು. "ಸುಜನ್ ಒಳ್ಳೆಯವ್ನೆ. ಆರೆ ಫೈಲ್ ಅವ್ನ ಆಫೀಸಿಗೆ ಹೋರೆ, ನೀನ್ ಮನಿಗ್ ಹೋಪ್ದೇ. ಅಲ್ಲಿ ಡಿಗ್ರಿ ಇಲ್ದಿದ್ದವ್ರನ್ನ್ ಒಳ್ಗ್ ಬಿಡ್ತಿಲ್ಲೆ. ಅದೂ ಒಂದ್ ಬದಿಗಿರ್ಲಿ. ಎರ್ಡ್ ವರ್ಷದಿಂದ ಯಾರ್ ಮಾಡ್ತಿದ್ದದ್ದ್ ಅಂದ್ ನಂಗ್ ಗೊತ್ತಿತ್ತ್. ಅವ್ರಿಗ್ ಗೊತ್ತಿತ್ತ್. ನಿಂಗ್ ಗೊತ್ತಿತ್ತ್. ಈಗ ನಾವ್ ಇಬ್ರೇ ಉಳ್ದದ್ದ್."

ಬಾಗಿಲ ಹತ್ತಿರ ಅವರು ನಿಂತರು.

"ನಿನ್ನೆ ಮಲ್ಕಂಬತಿಗೂ ಹೇಳಿರ್, ನಾಳೆ ಆ ಹೆಣ್ಣೇ ಎಲ್ರಿಗೂ ಫೋನ್ ಮಾಡ್ಲಿ, ನಾನ್ ಸುಮ್ನೆ ಕೂಕಂತೆ ಅಂದ್. ಪ್ರತಿ ಹತ್ತೊಂಬತ್ನೇ ತಾರೀಕಿಗೂ ಹಾಂಗೇ ಹೇಳುದ್ ಅವ್ರ್."

*

ಎರಡು ವರ್ಷದ ಹಿಂದೆ ಶೆಟ್ಟರು ಒಂದು ಬಿಲ್ಲಿನ ಎಂಟನ್ನು ಮೂರೆಂದು ಬರೆದರು. ಚಂದನಾ ಮಾತಾಡದೆ ತಿದ್ದಿದಳು. ಅದೇ ವಾರ ಇನ್ನೊಂದು, ಮತ್ತೊಂದು. ಸಕ್ಕರೆ ಕಾಯಿಲೆ ಕಣ್ಣಿಗಿಳಿದಿತ್ತು. ಒಂದು ಸೋಮವಾರ ಅವಳು ಬಂದಾಗ ಲ್ಯಾಪ್‌ಟಾಪು ಮೇಜಿನ ಈಚೆಗೆ, ಅವಳ ಕುರ್ಚಿಯ ಎದುರಿಗೆ ತಿರುಗಿ ಕೂತಿತ್ತು. ಅವರು ಪೇಪರು ಓದುವವರಂತೆ ಮುಖಕ್ಕೆ ಹಿಡಿದುಕೊಂಡಿದ್ದರು. ಪೇಪರು ಹಿಂದಿನ ದಿನದ್ದು.

ಆಮೇಲಿನ ಎಲ್ಲ ಇಪ್ಪತ್ತನೇ ತಾರೀಕುಗಳೂ ಒಂದೇ ಥರ. ಅವರು ಫೋನು ಕಿವಿಗಿಟ್ಟು, "ಹ್ವಾಯ್, ನಂಬ್ರ ಬಂತಾ? ಹೇಳ್ ಹೇಳ್," ಎಂದು ಬೊಬ್ಬೆ ಹಾಕುವುದು, ಕೇಳಿದ ಒಂದೊಂದೇ ಅಂಕಿಯನ್ನು ಮತ್ತೆ ಹೇಳುವುದು, ಅವಳು ತುಂಬಿಸುವುದು. ಸಂಜೆ ಅವರು ಫೋನನ್ನು ಅವಳತ್ತ ನೂಕುತ್ತಿದ್ದರು. "ಇದೊಂದ್ ಕಡೆದ್. ನೀನ್ ಮಾಡ್."

ಅವಳು ತಲೆಯಲ್ಲಾಡಿಸುತ್ತಿದ್ದಳು.

"ಎಂತಕೆ? ಅವ್ರೆಂತ ಹುಲಿಯಾ? ಕುಷ್ಟ ಕಾಣ್, ಹೇಂತಿ ಕೂಗ್ರೆ ಅಡ್ಗಿ ಕೋಣಿ ಒಳ್ಗ್ ಅಡ್ಗುವ ಗಿರಾಕಿ."

ಅವಳು ನಗುತ್ತಿದ್ದಳು. ಫೋನು ಮಾತ್ರ ಮುಟ್ಟುತ್ತಿರಲಿಲ್ಲ. ಅವರು ಒತ್ತಾಯಿಸುತ್ತಿರಲಿಲ್ಲ, ಬರುವ ತಿಂಗಳು ಇದೆಯಲ್ಲ ಎನ್ನುತ್ತಿದ್ದರು.

*

ಒಂದೂವರೆಗೆ ಚಂದನಾ ಎದ್ದಳು. ಇನ್ನು ತಡಮಾಡಿದರೆ ಹೆಣ ಎತ್ತುತ್ತಾರೆ, ಆಮೇಲೆ ಇವರೆಲ್ಲ ಮಿಂದು ಒಂದೊಂದು ದಿಕ್ಕಿಗೆ ಹೋಗುತ್ತಾರೆ.

ತೆರೆದ ಲ್ಯಾಪ್‌ಟಾಪನ್ನು ಬಡಿಸುವ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದು ಅಂಗಳಕ್ಕಿಳಿದಳು. ಕಾಲಿಗೆ ಚಪ್ಪಲಿಯಿರಲಿಲ್ಲ. ಮೇ ತಿಂಗಳ ಅಂಗಳ ಸುಡುತ್ತಿತ್ತು.

"ಕುಷ್ಟಣ್ಣ," ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಎಂದಾಗ ಅದು ಬೇಕಾದ್ದಕ್ಕಿಂತ ಜೋರಾಯಿತು. ಇಡೀ ಅಂಗಳ ಅವಳತ್ತ ತಿರುಗಿತು.

"ಎಂತ ಹೆಣೇ? ಚಾ ಎಲ್ಲ ಈಗ ಬೇಡ," ಎಂದರು ಕುಷ್ಟಣ್ಣ.

"ಚಾ ಅಲ್ಲ. ಆ ಓಟಿಪಿ ಕಳ್ಸಿದ್ ನಾನ್. ನಂಬ್ರ ಹೇಳಿ."

ಸುಜನ್ ಜನರ ನಡುವೆ ದಾರಿ ಮಾಡಿಕೊಂಡು ಬಂದ. "ನೀನಾ? ಅದ್ನೆಲ್ಲ ಮುಟ್ಟುಕೆ ನಿಂಗ್ ಯಾರ್ ಹೇಳಿರ್?"

"ಸರ್ ಹೇಳಿರ್. ಎರ್ಡ್ ವರ್ಷದಿಂದ ನಾನೇ ಮಾಡುದ್. ಅವ್ರಿಗ್ ಕಣ್ಣ್ ಕಾಂತಿರ್ಲಿಲ್ಲೆ."



"ಸುಳ್ಳ್ ಹೇಳ್ಬೇಡ," ಎಂದರು ಕುಷ್ಟಣ್ಣ. "ತಿಂಗ್ಳ್ ತಿಂಗ್ಳ್ ನಂಗ್ ಫೋನ್ ಮಾಡಿ ಬೈತಿದ್ದದ್ದ್ ಭೋಜಣ್ಣನೇ."

"ಬೈತಿದ್ದದ್ದ್ ಅವ್ರ್. ಲೆಕ್ಕ ಬರೀತಿದ್ದದ್ದ್ ನಾನ್."

"ಅದಕ್ಕೆ ಗುರ್ತ್ ಎಂತ?"

ಜನರೆದುರು ಏನು ಹೇಳಬೇಕು, ಏನು ಹೇಳಬಾರದು ಎನ್ನುವ ಅಭ್ಯಾಸ ಚಂದನಾಳಿಗೆ ಇರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದಳು. "ಏಪ್ರಿಲ್ ಬಿಲ್ಲ್ ಒಳ್ಗ್ ನೀವ್ ಮನಿಗ್ ತಕಂಡ ಎಸಿ ಬಿಲ್ಲನ್ನೂ ಹೋಟ್ಲಿಂದ್ ಅಂದ್ ಸೇರ್ಸಿದ್ರಿ. ನಾನ್ ತೆಗ್ದೆ. ಅದಕ್ಕೂ ಮೊದ್ಲ್ ಫ್ರಿಜ್. ಅದನ್ನೂ ತೆಗ್ದಿದ್ದೆ. ಮತ್ತೆ ನಿಮ್ ಹೇಂತಿಗ್ ತಂದ ವಾಷಿಂಗ್..."

"ಸಾಕ್ ಸಾಕ್ ಮರಾಯ್ತಿ! ಬರ್ಕೋ. ನಾಲ್ಕ್, ಒಂದ್, ಒಂಬತ್ತ್..."

"ಅದ್ ಆಗ್ಳೇ ಹೋಯ್ತ್. ಇನ್ನೊಂದ್ ಕಳ್ಸ್ತೆ."

ಅಂಗಳದಲ್ಲಿ ನಗು ಎದ್ದಿತು. ಈ ಸಲ ಯಾರೂ ಕೆಮ್ಮಲಿಲ್ಲ. ಜಗಲಿಯ ಹೆಂಗಸರು ತಿರುಗಿ ನೋಡಿದರು. ಸ್ನೇಹಲತಾ ಮಾತ್ರ ಗಂಡನ ಮುಖದ ಮೇಲಿನ ನೊಣ ಓಡಿಸುತ್ತ ತಲೆ ತಗ್ಗಿಸಿಯೇ ಇದ್ದರು.

ಕುಷ್ಟಣ್ಣನ ಫೋನು ಟಿಣ್ ಎಂದಿತು. ಓದಿದರು, ಅವಳು ತುಂಬಿಸಿದಳು. ಸುಜನ್ ಅವಳ ಪಕ್ಕ ಬಗ್ಗಿ ಪರದೆ ನೋಡಿದ. ಬೆರಳಿಟ್ಟು ಕೆಳಗೆ ಸರಿಸಿದ, ಇನ್ನೊಬ್ಬರದು ತೆರೆದ, ಮತ್ತೊಬ್ಬರದು. ತಪ್ಪು ಹುಡುಕುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಹುಡುಕಲಿ ಎಂದು ಸುಮ್ಮನೆ ಹಿಡಿದು ನಿಂತಳು.

"ಕಣ್ಣಿನ್ ವಿಷ್ಯ ಮಾವ ನಂಗ್ ಒಂದ್ ಮಾತ್ ಹೇಳ್ಲಿಲ್ಲೆ," ಎಂದ ಕೊನೆಗೆ. ಜಗಲಿಯ ಕಡೆ ಒಮ್ಮೆ ನೋಡಿ, ಮುಖ ಒರೆಸಿಕೊಂಡು, ಜನರತ್ತ ತಿರುಗಿದ. "ಕೊಡಿ ಮರಾಯ್ರೆ, ಇವ್ಳಿಗ್ ನಂಬ್ರ ಕೊಡಿ. ನಾನ್ ಹೇಳದ್ದ್ ತಪ್ಪಾಯ್ತ್."

ಅವನೇ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಲಸಿನ ಮರದ ನೆರಳಿನಲ್ಲಿ ಹಾಕಿದ. ಬೆಳಿಗ್ಗೆ ಶೆಟ್ಟರಿಗೆ ನೀರು ಬಿಡಲು ನಿಂತ ಹಾಗೆಯೇ ಗಿರಾಕಿಗಳು ಮತ್ತೆ ಒಬ್ಬರ ಹಿಂದೊಬ್ಬರು ನಿಂತರು, ಕೈಯಲ್ಲಿ ಫೋನು ಹಿಡಿದು.

"ಕುಷ್ಟಣ್ಣಾ, ಎಸಿ ಎಷ್ಟ್ ಟನ್ನಿಂದ್?" ಎಂದ ನಾಗ.

"ನಿಂದೂ ತೆಗಿಸ್ಲಾ? ಇವ್ಳಿಗೆಲ್ಲ ಗೊತ್ತಿತ್ತ್, ನೆನ್ಪಿರ್ಲಿ."

ನಾಗ ಬೇಗ ಬೇಗ ತನ್ನ ನಂಬರು ಹೇಳಿದ. ಚಂದನಾ ತಲೆಯೆತ್ತದೆ ಕೇಳುತ್ತಿದ್ದಳು. "ಮುಂದಿನವ್ರ್ ಹೇಳಿ." ಹತ್ತನೆಯವರ ಹೊತ್ತಿಗೆ ತಲೆಯೆತ್ತಿದಳು.

ಎರಡೂ ಮುಕ್ಕಾಲಿಗೆ ಇಪ್ಪತ್ತೆರಡೂ ಮುಗಿದವು. ಗೇಟಿನಲ್ಲಿ ಮುಂಬಯಿಯ ತಮ್ಮನ ಕಾರು ನಿಂತು, ಮನೆಯಲ್ಲಿ ಮತ್ತೊಮ್ಮೆ ಅಳು ಎದ್ದಿತು. ಹೆಣಕ್ಕೆ ಸ್ನಾನ ಮಾಡಿಸುವ ಓಡಾಟ ಶುರುವಾಯಿತು. ಚಂದನಾ ಏಳಬೇಕೆನ್ನುವಾಗ ಸಾಲಿನ ಕೊನೆಯಲ್ಲಿ ಇನ್ನೂ ಒಬ್ಬರು ನಿಂತಿರುವುದು ಕಂಡಿತು. ಗಂಗೊಳ್ಳಿಯ ಮುತ್ತಕ್ಕ.

"ಮುತ್ತಕ್ಕ, ನಿಮ್ಗೆ ಜಿಎಸ್‌ಟಿ ಇಲ್ಲೆ."

"ನಂಗ್ ಗೊತ್ತಿಲ್ದಾ? ನಾನೆಂತ ಮಳ್ಳಾ?" ಮುತ್ತಕ್ಕ ಸೆರಗಿನೊಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಒಳಗೆ ಪಾಸ್‌ಬುಕ್ಕು, ಪ್ಯಾನ್ ಕಾರ್ಡು, ದಾರದಲ್ಲಿ ಕಟ್ಟಿದ ಒಂದಿಷ್ಟು ಚೀಟಿ. "ಹೊತ್ತಾರೆ ಸುದ್ದಿ ಕೇಂಡದ್ದೇ ಇದನ್ನ್ ತಕಂಡ್ ಬಸ್ ಹತ್ದೆ. ಭೋಜಣ್ಣನ ಕಾಲ್ ಬುಡ್ದಲ್ಲಿ ಇಟ್ಟ್ ಹೋಪ ಅಂದ್. ಇನ್ಯಾರಿಗ್ ಕೊಡುದ್, ಹೇಳ್? ನಂಗ್ ಬೇರೆ ಯಾರ್ ಗೊತ್ತಿತ್ತ್?"

ಅವಳು ಕವರನ್ನು ಚಂದನಾಳ ಕೈಗೆ ತುರುಕಿದಳು. "ನೀ ತಕೋ. ಜುಲಾಯಿಗೆ ಬತ್ತೆ. ನಂಗೆ ಮಾತಾಡುಕೆ ಒಂದ್ ಗಂಟಿ ಬೇಕ್, ಈಗ್ಳೇ ಹೇಳ್ತೆ."

ಜಗಲಿಯಿಂದ ಶೆಟ್ಟರನ್ನು ಎತ್ತಿದರು. ಸುಜನ್ ಮುಂದೆ ಹೆಗಲು ಕೊಟ್ಟಿದ್ದ. ಅಂಗಳದಲ್ಲಿದ್ದವರೆಲ್ಲ ಫೋನು ಕಿಸೆಗೆ ಹಾಕಿ, ದಾರಿ ಬಿಟ್ಟು, ಕೈಮುಗಿದರು. ಚಂದನಾ ಕುರ್ಚಿಯಿಂದ ಎದ್ದಳು. ಒಂದು ಕೈಯಲ್ಲಿ ಲ್ಯಾಪ್‌ಟಾಪು, ಇನ್ನೊಂದರಲ್ಲಿ ಮೀನಿನ ವಾಸನೆಯ ಆ ಕವರು. ಕೈ ಜೋಡಿಸಲು ಆಗದೆ, ಎರಡನ್ನೂ ಎದೆಗೊತ್ತಿ ಹಿಡಿದು, ಅವರು ಎದುರಿನಿಂದ ಹಾದು ಹೋಗುವವರೆಗೂ ತಲೆ ಬಗ್ಗಿಸಿ ನಿಂತಳು.